ಚೀನೀ ಅಜ್ಜಿಗೆ ದನಿ ಕೊಟ್ಟ ಅಕ್ಕೋರು

ಮೈಕಿನ ಮುಂದೆ ನಿಲ್ಲುವ ಮೊದಲು ಅಕ್ಕೋರು ಎರಡೂ ಮುಂಗೈಗೆ ದಪ್ಪ ಕರವಸ್ತ್ರ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಒಳಗೆ ಕೈತುಂಬ ಹಸಿರು ಗಾಜಿನ ಬಳೆ. ಬಳೆಯ ಸದ್ದು ರೆಕಾರ್ಡಿಂಗಿನಲ್ಲಿ ಬರುತ್ತದೆ, ತೆಗೆದಿಡಿ ಎಂದು ಸ್ಟುಡಿಯೋದವರು ಹೇಳಿ ಹೇಳಿ ಸೋತಿದ್ದರು. "ಗಂಡ ಸತ್ತಾಗನ ತಗೀಲಿಲ್ಲ, ನಿಮ್ಮ ಮೈಕಿಗೆ ತಗೀತೀನೇನು?" ಎನ್ನುವುದು ಅವರ ಉತ್ತರ. ಹೊಸಬರು ಕೈಗೆ ಏನಾಯಿತೆಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಕತೆ ಸಿಗುತ್ತಿತ್ತು. ವಿಮೆ ಮಾಡಿಸಲು ಬಂದಿದ್ದ ಒಬ್ಬಾತನಿಗೆ ಆನೆ ಕಚ್ಚಿತು ಎಂದಿದ್ದರು. ಆನೆ ಕಚ್ಚುತ್ತದೆಯೇ ಎಂದು ಆತ ಕೇಳಿದ. "ಸಾಕಿದ್ದು ಕಚ್ಚತೈತ್ರಿ," ಎಂದರು ಅಕ್ಕೋರು.

ನಮ್ಮ ಡಬ್ಬಿಂಗ್ ಸ್ಟುಡಿಯೋ ಹೈದರಾಬಾದಿನ ಅಮೀರ್‌ಪೇಟ್‌ನ ಒಂದು ಗಲ್ಲಿಯಲ್ಲಿ, ಕಂಪ್ಯೂಟರ್ ಕಲಿಸುವ ತರಗತಿಯೊಂದರ ಮೇಲಿನ ಮಹಡಿಯಲ್ಲಿತ್ತು. ನಾನು ಮೈಸೂರಿನವಳು. ಕನ್ನಡ ಎಂ.ಎ. ಮಾಡಿ, ಮದುವೆಯಾಗಿ ಹೈದರಾಬಾದಿಗೆ ಬಂದು, ಅಲ್ಲಿ ಬೇರೆ ಭಾಷೆಯ ಕಾರ್ಯಕ್ರಮಗಳಿಗೆ ಕನ್ನಡದ ಮಾತು ಬರೆಯುವ ಕೆಲಸಕ್ಕೆ ಸೇರಿದ್ದೆ. ಅಕ್ಕೋರು ರಾಯಚೂರಿನ ಕಡೆಯವರು, ಹರೆಯದಲ್ಲಿ ನಾಟಕ ಕಂಪನಿಯ ನಟಿ. ಕಂಪನಿ ಮುಚ್ಚಿದ ಮೇಲೆ ಗಂಡನ ಜೊತೆ ಹೈದರಾಬಾದಿಗೆ ಬಂದವರು ಹಿಮಾಯತ್‌ನಗರದಲ್ಲೇ ಬೇರು ಬಿಟ್ಟಿದ್ದರು. ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ದಖನಿ ಉರ್ದು, ನಮ್ಮ ಹತ್ತಿರ ರಾಯಚೂರಿನ ಕನ್ನಡ. ಯಾವ ಭಾಷೆಯಾದರೂ ದನಿ ಮಾತ್ರ ಒಂದೇ: ಡೇರೆಯ ಕಟ್ಟಕಡೆಯ ಸಾಲಿನಲ್ಲಿ ನಿದ್ದೆ ಮಾಡುತ್ತಿರುವವನನ್ನು ಎಬ್ಬಿಸುವ ದನಿ.

ನನ್ನ ಬರವಣಿಗೆಯನ್ನು ಅವರು ಮೊದಲ ದಿನವೇ ಜಾಲಾಡಿದರು. ಯಾವುದೋ ಧಾರಾವಾಹಿಯ ತಾಯಿ ಮಗನಿಗೆ "ನಿನ್ನ ಆಗಮನದಿಂದ ನನ್ನ ಹೃದಯ ತುಂಬಿ ಬಂದಿದೆ" ಎನ್ನಬೇಕಿತ್ತು. ಅಕ್ಕೋರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು.

"ತಂಗೀ, ನೀ ತವರಿಗೆ ಹೋದಾಗ ನಿಮ್ಮವ್ವ ಬಾಗಲಾ ತಗದು ಏನಂತಾಳ?"

"ಎಷ್ಟು ಸಣ್ಣ ಆಗಿದೀಯೆ, ಅಂತಾರೆ."

"ಹಂಗ ಬರಿ ಮತ್ತ! ಆಗಮನ ಅಂತ. ಆಗಮನ ರೈಲಿಂದು."

ನನಗೆ ಕಣ್ಣಲ್ಲಿ ನೀರು ಬಂದಿತ್ತು. ಅವರು ಡಬ್ಬಿ ತೆರೆದು ಒಂದು ಶೇಂಗಾ ಹೋಳಿಗೆ ಕೈಗಿಟ್ಟರು. ನಾನು ತಿನ್ನುತ್ತಿರುವಾಗಲೇ ಎರಡನೆಯ ಸಾಲಿನ ತಪ್ಪು ತೆಗೆದರು.

ಹೀಗಿರುವಾಗ ನಮ್ಮಲ್ಲಿಗೆ ಒಂದು ಸಾಕ್ಷ್ಯಚಿತ್ರ ಬಂತು. ಚೀನಾದ ಒಬ್ಬ ಪಿಯಾನೊ ವಾದಕಿಯ ಬದುಕು ಮತ್ತು ಸಂಗೀತ. ಎಂಬತ್ತು ದಾಟಿದ ಅಜ್ಜಿ. ಎಳೆಯ ವಯಸ್ಸಿನಲ್ಲಿ ದೊಡ್ಡ ದೊಡ್ಡ ಸಭೆಗಳಲ್ಲಿ ನುಡಿಸಿದವಳು. ಆಮೇಲೆ ಪಾಶ್ಚಾತ್ಯ ಸಂಗೀತವೇ ಕೂಡದು ಎಂಬ ಕಾಲ ಬಂದು, ಅವಳನ್ನು ದೂರದ ಹಳ್ಳಿಗೆ ಹೊಲದ ಕೆಲಸಕ್ಕೆ ಕಳಿಸುತ್ತಾರೆ. ವರ್ಷಗಟ್ಟಲೆ ಪಿಯಾನೊ ಮುಟ್ಟುವಂತಿಲ್ಲ. ಕೊನೆಗೆ ಊರಿಗೆ ಮರಳಿ, ಗಡುಸಾದ ಕೈಗಳಿಂದ ಮೊದಲಿನಿಂದ ಶುರುಮಾಡುತ್ತಾಳೆ. ಇದನ್ನೆಲ್ಲ ಅವಳೇ ಕ್ಯಾಮೆರಾದ ಮುಂದೆ ಕೂತು ಹೇಳುವುದು. ಅದನ್ನು ಕನ್ನಡದಲ್ಲಿ ಹೇಳಲು ಒಂದು ದನಿ ಬೇಕಿತ್ತು.

ಮಾಲೀಕರು ಅಕ್ಕೋರಿಗೆ ಕೊಟ್ಟದ್ದು ಅಜ್ಜಿಯ ಪಕ್ಕದ ಮನೆಯವಳ ಪಾತ್ರ. ಒಟ್ಟು ಎರಡು ಮಾತು. ಅಜ್ಜಿಗೆ ಬೆಂಗಳೂರಿನಿಂದ ಒಬ್ಬ ಹುಡುಗಿ.

ಅಕ್ಕೋರು ಅಂದು ಹೋಳಿಗೆ ಡಬ್ಬಿ ತೆರೆಯಲಿಲ್ಲ. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ಹಳೇ ಅತ್ತಿ, ದೆವ್ವ, ಮುದಿ ಹುಲಿ, ಕಾರ್ಟೂನಿನ ಎಮ್ಮಿ. ಇಷ್ಟ ನೋಡು ನನಗ ಕೊಡೋದು. ಒಂದು ಮನಷ್ಯಾರ ಪಾತ್ರ ಮಾಡಿ ಎಷ್ಟು ವರ್ಷಾತೋ," ಎಂದರು. ಆಮೇಲೆ ಕೈಯ ಬಳೆ ಸರಿಸುತ್ತ, "ಆಕಿ ತಿರುಗಿ ಬಂದು ಬಾಜಾ ಮುಂದ ಕುಂತಾಳಲ್ಲ, ಅದು ನನಗ ತಿಳಿತೈತಿ ತಂಗಿ. ಕಂಪನಿ ಮುಚ್ಚಿದ ಮ್ಯಾಲ ನಾನೂ ಒಂದಿನ ಅಡಗಿ ಮನ್ಯಾಗ ಬಾಗಲಾ ಹಾಕ್ಕೊಂಡು ಹಾಡು ತಗದಿದ್ದೆ. ದನಿ ಹೊಂಡ್ಲೇ ಇಲ್ಲ," ಎಂದರು. ಅವರ ಬಾಯಲ್ಲಿ ಅಷ್ಟು ಸಣ್ಣ ಮಾತು ನಾನು ಕೇಳಿದ್ದು ಅದೇ ಮೊದಲು.

ನಾನು ಮಾಲೀಕರ ಹತ್ತಿರ ಹೋದೆ. ತೆಲುಗರು, ನಮ್ಮ ಜೊತೆ ತಮ್ಮದೇ ಕನ್ನಡ ಮಾತಾಡುತ್ತಿದ್ದರು. "ಅಮ್ಮಾ, ಆ ಚೀನಾ ಅವ್ವ ಮೆಲ್ಲಗಾ ಮಾತಾಡ್ತಾಳೆ. ನಮ್ಮ ಅಕ್ಕ ಮಾತಾಡಿದ್ರೆ ಕೆಳಗಡೆ ಕ್ಲಾಸ್ ನಿಂತೋಗ್ತದೆ," ಎಂದರು. ಸುಳ್ಳಲ್ಲ. ಅಕ್ಕೋರು ಒಮ್ಮೆ ದೆವ್ವದ ಕೂಗು ಹಾಕಿದಾಗ ಕೆಳಗಿನ ಮೇಷ್ಟರು ಸೀಮೆಸುಣ್ಣ ಹಿಡಿದುಕೊಂಡೇ ಮೇಲೆ ಓಡಿ ಬಂದಿದ್ದರು.

ಅದೃಷ್ಟಕ್ಕೆ ಬೆಂಗಳೂರಿನ ಹುಡುಗಿಯ ದನಿ ಕೇಳಿದ ಚಾನೆಲ್‌ನವರು, ಇದು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತಿನ ಹಾಗಿದೆ ಎಂದು ವಾಪಸು ಕಳಿಸಿದರು. ಬೇರೆ ದಾರಿ ಕಾಣದೆ ಮಾಲೀಕರು, ಮುಂದಿನ ಸೋಮವಾರ ಅಕ್ಕೋರು ಒಮ್ಮೆ ಮಾಡಿ ನೋಡಲಿ, ಆದರೆ ಮೆಲ್ಲಗಾ, ಎಂದರು.

ಆ ವಾರವಿಡೀ ಅಕ್ಕೋರು ಪಿಸುಮಾತಿನಲ್ಲಿ ಬದುಕಿದರು. ದನಿ ಪಳಗಬೇಕಂತೆ. ತರಕಾರಿಯವಳ ಹತ್ತಿರ ಪಿಸುಗುಟ್ಟಿ ಚೌಕಾಸಿ ಮಾಡಿದರೆ, ಅವಳು ಗಂಟಲು ಬೇನೆಯೆಂದು ತಿಳಿದು ಶುಂಠಿ ಕೊಟ್ಟು ಕಳಿಸಿದಳು. ಆಟೋದವನಿಗೆ ಅಮೀರ್‌ಪೇಟ್ ಎಂದು ಪಿಸುಗುಟ್ಟಿದರೆ ಅವನು ಅಬಿಡ್ಸ್‌ಗೆ ಕರೆದುಕೊಂಡು ಹೋದ. ಎಲ್ಲಕ್ಕಿಂತ ದೊಡ್ಡ ಅನಾಹುತ ಆದದ್ದು ಮನೆಯಲ್ಲಿ. ಅವರ ಜೊತೆಗಿದ್ದದ್ದು ಗಂಡನ ಅಕ್ಕ, ನಾನು ಅತ್ತೆ ಎಂದು ಕರೆಯುತ್ತಿದ್ದವರು. ಆಕೆಗೆ ಕಿವಿ ಮಂದ. ಅಕ್ಕೋರ ಬಾಯಿ ಆಡುವುದು ಕಾಣುತ್ತದೆ, ಸದ್ದು ಮಾತ್ರ ಇಲ್ಲ. ಗುರುವಾರ ನನಗೇ ಫೋನ್ ಬಂತು.

"ಯವ್ವಾ, ನಾ ಏನು ತಪ್ಪು ಮಾಡೀನಿ ಹೇಳು. ಆಕಿ ನನ್ನ ಮ್ಯಾಲ ಸಿಟ್ಟಾಗಿ ಮನಸಿನ್ಯಾಗ ಬೈಯಾಕತ್ತಾಳ!"

ಅಲ್ಲ ಅತ್ತೆ, ಅಭ್ಯಾಸ ಮಾಡ್ತಿದಾರೆ ಎಂದು ನಾನು ಕೂಗಿ ಹೇಳಿದೆ. "ಬೈಯೂದಕ್ಕ ಅಭ್ಯಾಸ ಯಾಕ ಬೇಕು ಆಕಿಗೆ?" ಎಂದು ಆಕೆ ಫೋನ್ ಇಟ್ಟರು.

ಸೋಮವಾರ ಬಂತು. ಸಿನಿಮಾದ ಶುರುವಿನಲ್ಲಿ ಅಜ್ಜಿ ನುಡಿಸುತ್ತಿದ್ದವಳು ನಿಲ್ಲಿಸಿ, ಏನೋ ಗೊಣಗುತ್ತಾಳೆ. ನಮಗೆ ಬಂದ ಇಂಗ್ಲಿಷ್ ಪ್ರತಿಯಲ್ಲಿ ಅಲ್ಲಿ 'ಗೊಣಗುತ್ತಾಳೆ' ಎಂದಷ್ಟೇ ಇತ್ತು. ಅಕ್ಕೋರು ಅದಕ್ಕೆ ಒಪ್ಪಲಿಲ್ಲ. "ಬರೇ ಗೊಣಗೋದು ಅಂತ ಇರಂಗಿಲ್ಲ. ಏನಾರ ಅಂದಿರ್ತಾಳ." ಆ ಮುಖ ನೋಡಿ ನೋಡಿ, ಕೊನೆಗೆ ಎದೆ ಕಲಕುವ ಹಾಗೆ, "ಎಲ್ಲಾ ಮರೆತುಹೋಯ್ತಲ್ಲೋ ದೇವರೇ," ಎಂದು ಉಸುರಿದರು. ಗಾಜಿನ ಗೋಡೆಯ ಈಚೆ ನಮಗೆಲ್ಲ ಮೈ ಜುಮ್ಮೆಂದಿತು.

ಮಾತುಗಳನ್ನು ಸರಿನೋಡಲು ಮಾಲೀಕರು ಚೀನೀ ಭಾಷೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯನ್ನು ಕರೆಸಿದ್ದರು. ಅವಳು ಸಂಕೋಚದಿಂದ ಕೈ ಎತ್ತಿದಳು. ಅಜ್ಜಿ ಅಲ್ಲಿ ಹೇಳುತ್ತಿರುವುದು, ಆ ಕಿಟಕಿ ಹಾಕಿ, ಕಾಲು ತಣ್ಣಗಾಗುತ್ತಿದೆ ಎಂದು.

ಅಕ್ಕೋರು ಹೆಡ್‌ಫೋನ್ ತೆಗೆದು, "ನಾ ಇಷ್ಟು ದುಃಖ ಪಟ್ಟೆನಲ್ಲೋ ಆಕಿ ಕಿಟಕಿ ಸಲುವಾಗಿ!" ಎಂದರು. ಮರುಕ್ಷಣ ಅದನ್ನೇ, ತೀರಾ ಮನೆಮಾತಿನ ಹಾಗೆ, "ಆ ಕಿಟಕಿ ಹಾಕ್ರಪ್ಪ, ಕಾಲು ತಣ್ಣಗಾಗ್ತಿದೆ," ಎಂದು ಹೇಳಿದರು. ಕೇಳಿದರೆ ನಮ್ಮ ಕಾಲೂ ತಣ್ಣಗಾಗಬೇಕು, ಹಾಗಿತ್ತು.

ಕಷ್ಟವಾದದ್ದು ಮರಳಿ ಬಂದ ದಿನದ ಮಾತು. ಅಜ್ಜಿ ಮೊದಲ ಬಾರಿ ಪಿಯಾನೊ ಮುಂದೆ ಕೂತದ್ದನ್ನು ನೆನೆಯುತ್ತ ನಗುತ್ತಾಳೆ. ನಾನು ಬರೆದಿದ್ದ ಸಾಲು: "ಇಷ್ಟು ವರ್ಷಗಳ ಬಳಿಕ ವಾದ್ಯವೇ ನನಗೆ ಅಪರಿಚಿತವಾಗಿತ್ತು." ಅಕ್ಕೋರು ಎರಡು ಸಲ ಓದಿ, "ಈ ಅಪರಿಚಿತನ್ನ ಹೊರಗ ಹಾಕು," ಎಂದರು. ಆಮೇಲೆ ನನ್ನನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡರು. "ಕಾಜಿನ ಮುಂದ ಯಾರು ಸುಖ ದುಃಖ ಹೇಳ್ಕೊತಾರ? ನೀ ಕೇಳು."

ನನ್ನ ಮುಖ ನೋಡುತ್ತ ಹೇಳಿದರು: "ನಾನು ಬಂದಿದೀನಿ ಅಂದೆ. ಅದಕ್ಕೆ ನನ್ನ ಗುರುತೇ ಸಿಗಲಿಲ್ಲ."

ಮಾತು ಅಜ್ಜಿಯ ತುಟಿಗೆ ಸರಿಯಾಗಿ ಕೂತಿತು. ನಗು ಕೂರಲಿಲ್ಲ. ಎಷ್ಟು ಸಲ ಮಾಡಿದರೂ ಕಂಪನಿಯ ನಗುವೇ. ಒಮ್ಮೆ ಶೂರ್ಪನಖಿ, ಒಮ್ಮೆ ಸತ್ಯಭಾಮೆ. ಮಾಲೀಕರು ಗಡಿಯಾರ ನೋಡತೊಡಗಿದರು. ಅಕ್ಕೋರ ಹಣೆಯಲ್ಲಿ ಬೆವರು. ಇನ್ನೊಂದು ಸಲ ಎಂದರು. ಮಾತು ಮುಗಿಯಿತು, ಇನ್ನು ನಗಬೇಕು. ಸೋಮವಾರದ ಒಪ್ಪತ್ತಿನಲ್ಲಿದ್ದ ಅಕ್ಕೋರ ಹೊಟ್ಟೆ ಆಗ ಗುರ್‌ರ್ ಎಂದು ಇಡೀ ಸ್ಟುಡಿಯೋಗೆ ಕೇಳುವಂತೆ ಕೂಗಿಕೊಂಡಿತು. ಅವರು ಬೆಚ್ಚಿ ನನ್ನನ್ನು ನೋಡಿದರು. ನಾಚಿಕೆ, ಸೋಲು, ತನ್ನ ಮೇಲೆ ತನಗೇ ಕನಿಕರ, ಎಲ್ಲ ಸೇರಿ ಒಂದು ನಗು ಬಂತು. ಸಣ್ಣದು. ಕೊನೆಗೆ ಸ್ವಲ್ಪ ಒಡೆಯಿತು.

"ಹೋತು, ಕೆಟ್ಟುಹೋತು," ಎಂದು ಅವರು ಕರವಸ್ತ್ರ ಬಿಚ್ಚತೊಡಗಿದರು. ಸೌಂಡ್ ಇಂಜಿನಿಯರ್ ಆ ಹೊಟ್ಟೆಯ ಸದ್ದನ್ನು ಕತ್ತರಿಸಿ ತೆಗೆದು, ನಗುವನ್ನು ಅಜ್ಜಿಯ ಮುಖಕ್ಕೆ ಜೋಡಿಸಿ ಹಾಕಿದ. ಪರದೆಯ ಮೇಲೆ ಚೀನೀ ಅಜ್ಜಿ ನಕ್ಕಳು. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕೋರು ಮಾತ್ರ ಪರದೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ, "ಈಕಿಗೂ ಹಸಿವಾಗಿತ್ತೇನೋ ಪಾಪ," ಎಂದರು. ಮಾಲೀಕರು ಒಪ್ಪತ್ತು ಮುಗಿಸಲು ಹಣ್ಣು, ಹಾಲು ತರಿಸಿದರು.

ಅದು ಟಿ.ವಿ.ಯಲ್ಲಿ ಬಂದ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಅತ್ತೆಗಾಗಿ ಸದ್ದು ಪೂರ್ತಿ ಏರಿಸಿದ್ದರು. ಅಜ್ಜಿ ಹೊಲದಲ್ಲಿ ದುಡಿದದ್ದಕ್ಕೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಿಯಾನೊ ನುಡಿಸಿದಾಗ ತಲೆದೂಗಿದರು. ಮುಗಿದ ಮೇಲೆ ಅಕ್ಕೋರ ಕಡೆ ತಿರುಗಿ, "ನೋಡು, ಎಷ್ಟು ಚಂದ ಸಾವಕಾಶ ಮಾತಾಡ್ತಾಳ. ನೀ ಆಕಿನ್ನ ನೋಡಿ ಕಲಿ," ಎಂದರು.

ನಾನು ಬಾಯಿ ತೆರೆದೆ. ಅಕ್ಕೋರು ನನ್ನ ತೊಡೆ ಚಿವುಟಿದರು. "ಕಲೀತೀನಿ ತಗೋರಿ ವೈನಿ," ಎಂದು ಬೀದಿಗೆ ಕೇಳುವಂತೆ ಕೂಗಿ ಹೇಳಿ, ಚಹಾ ಮಾಡಲು ಎದ್ದರು. ಒಳಗಿನಿಂದ ಒಂದು ನಾಟಕದ ಹಾಡು ಕೇಳಿಸಿತು. ಶ್ರುತಿ ಅಲ್ಲಲ್ಲಿ ಜಾರಿತು. ಅವರು ನಿಲ್ಲಿಸಲಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಬೆಳಿಗ್ಗೆ ಸ್ಟುಡಿಯೋಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತ ಕುಸಿದರಂತೆ. ಕೆಳಗಿನ ತರಗತಿಯ ಮೇಷ್ಟರೂ ನಮ್ಮೊಂದಿಗೆ ಮಣ್ಣಿಗೆ ಬಂದರು.

ನಾನು ಈಗ ಮನೆಯಲ್ಲಿ ಕೂತು ಬರೆಯುತ್ತೇನೆ. ಬರೆದ ಪ್ರತಿ ಸಾಲನ್ನೂ ಗಟ್ಟಿಯಾಗಿ ಹೇಳಿ ನೋಡುತ್ತೇನೆ: ಅತ್ತೆಯಾಗಿ, ಮಗನಾಗಿ, ಪೊಲೀಸನಾಗಿ. ಮೊನ್ನೆ ಎದುರು ಮನೆಯ ತೆಲುಗಿನಾಕೆ ಬಾಗಿಲು ತಟ್ಟಿ, ಏನೂ ತೊಂದರೆ ಇಲ್ಲ ತಾನೇ, ದಿನಾ ಯಾರ ಜೊತೆ ಅಷ್ಟು ಜಗಳ, ಮನೆಗೆ ಯಾರು ಬಂದಿದ್ದಾರೆ ಎಂದು ಕಳಕಳಿಯಿಂದ ಕೇಳಿದರು.

"ನಮ್ಮ ಅಕ್ಕೋರು," ಎಂದೆ.

ಒಳಗೆ ಬಂದು, ಆಗ ಬರೆಯುತ್ತಿದ್ದ ಸಾಲನ್ನು ಇನ್ನೊಮ್ಮೆ ಹೇಳಿ ನೋಡಿದೆ. ಇನ್ನೂ ಪುಸ್ತಕದ ಹಾಗೇ ಇತ್ತು. ಹೊಡೆದುಹಾಕಿದೆ.