ಹುಲಿಕಲ್ ತಿರುವಿನ ಹಾರ್ನ್

ಅಣ್ಣ ಆ ದೊಡ್ಡ ಗಾಡಿಯನ್ನು ಕೊಂಡಾಗ ಅದರಲ್ಲಿ ಯಾವ ಕೊರತೆಯೂ ಇದ್ದಂತೆ ನನಗೆ ಕಾಣಲಿಲ್ಲ. ಏಳು ಜನ ಕೂರುವ, ಎತ್ತರದ, ಬಿಳಿಯ ಎಸ್‌ಯುವಿ. ತೀರ್ಥಹಳ್ಳಿಯ ಅವನ ಮನೆಯಂಗಳದಲ್ಲಿ ನಿಲ್ಲಿಸಿದರೆ ಗೇಟು ಮುಚ್ಚಲು ಬರುತ್ತಿರಲಿಲ್ಲ, ಅಷ್ಟು ಉದ್ದ. ಕೊರತೆ ಕಂಡದ್ದು ಘಾಟಿಯಲ್ಲಿ. ಜನ ತುಂಬಿಕೊಂಡು ಏರು ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತಿತ್ತು. ತಿರುವಿನಲ್ಲಿ ಗಾಡಿಯ ಮೈಯೆಲ್ಲ ಹೊರಕ್ಕೆ ವಾಲುತ್ತಿತ್ತು. ಆ ವಾಲಾಟಕ್ಕೆ ನನಗೂ ಅತ್ತಿಗೆಗೂ ವಾಂತಿ. ಇಬ್ಬರೂ ಲಿಂಬೆಹಣ್ಣು ಮೂಸುತ್ತ, ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಕೂರುತ್ತಿದ್ದೆವು. ನಿಮ್ಮಿಬ್ಬರನ್ನು ಕರೆದೊಯ್ಯುವುದಕ್ಕಿಂತ ಎರಡು ಎಮ್ಮೆ ಸಾಗಿಸುವುದು ಸುಲಭ, ಎಮ್ಮೆ ಬಾಯಿ ಮುಚ್ಚಿಕೊಂಡಾದರೂ ಇರುತ್ತವೆ ಎಂದು ಅಣ್ಣ ಹೇಳುತ್ತಿದ್ದ. ಎಮ್ಮೆಗೆ ನಿಮ್ಮ ಡ್ರೈವಿಂಗ್ ಗೊತ್ತಾದರೆ ಅವೂ ಇಳಿದು ನಡೆಯುತ್ತವೆ ಎಂದು ಅತ್ತಿಗೆ ಅಂದಿದ್ದರು.

ಹಾಗಾಗಿ ಗಾಡಿಗೆ ಬಲ ತುಂಬಿಸುವ ಕೆಲಸದಲ್ಲಿ ಅಣ್ಣನ ಹುಮ್ಮಸ್ಸು ಎಷ್ಟಿತ್ತೋ ನಮ್ಮ ಮೇಲಿನ ಅಕ್ಕರೆಯೂ ಅಷ್ಟೇ ಇತ್ತು. ಇದನ್ನು ಮೊದಲೇ ಹೇಳಬೇಕು. ಯಾಕೆಂದರೆ ಆಮೇಲೆ ಕೇಳಿದವರೆಲ್ಲ ಅವನೇನೋ ರೇಸಿಗೆ ಹೊರಟಿದ್ದ ಎನ್ನುವ ಹಾಗೆ ಮಾತಾಡಿದರು.

ಮೊದಲು ಶಿವಮೊಗ್ಗದಿಂದ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಸ್ಟೀರಿಂಗಿನ ಕೆಳಗೆ ವೈರು ಚುಚ್ಚಿ, ಎಂಜಿನ್ನಿಗೆ ಯಾವಾಗ ಎಷ್ಟು ಡೀಸೆಲ್ ಹೋಗಬೇಕೆಂಬ ಲೆಕ್ಕವನ್ನು ಬದಲಾಯಿಸಿ ಹೋದ. ಬಲ ಬಂತು. ಬಲ ಬಂದ ಮೇಲೆ ಹಳೆಯ ಟೈರು ಸಾಲದು ಅನ್ನಿಸಿ, ಅಗಲವಾದ, ಆಳವಾದ ಕಚ್ಚುಗಳಿರುವ ಟೈರು ಹಾಕಿಸಿದ. ಆಮೇಲೆ ಸಾಗರದ ಒಂದು ಗ್ಯಾರೇಜಿನಲ್ಲಿ ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲದ ಚಕ್ರಗಳನ್ನು ಬಿಗಿಹಿಡಿಯುವ ದಪ್ಪನೆಯ ಕಬ್ಬಿಣದ ಸರಳು. ಎಲ್ಲ ಆದ ಮೇಲೆ ಹೊಸದೊಂದು ತೊಂದರೆ ಕಾಣಿಸಿತು. ಆ ಟೈರುಗಳು ಡಾಂಬರಿನ ಮೇಲೆ ಜೇನುಹುಳದ ಹಿಂಡಿನಂತೆ ಗುಂಯ್ ಎನ್ನುತ್ತಿದ್ದವು. ಒಳಗೆ ಕೂತವರು ಗಂಟಲು ಏರಿಸಿ ಮಾತಾಡಬೇಕು. ಅದಕ್ಕೆ ಗ್ಯಾರೇಜಿನವರು ಬಾಗಿಲುಗಳನ್ನು ಬಿಚ್ಚಿ, ಒಳಗೆ ಕಪ್ಪನೆಯ ದಪ್ಪ ಹಾಳೆಗಳನ್ನು ಅಂಟಿಸಿ, ನೆಲಕ್ಕೂ ಅದನ್ನೇ ಹಾಸಿ, ಬಾಗಿಲಿನ ಅಂಚಿಗೆ ಇನ್ನೊಂದು ಸುತ್ತು ರಬ್ಬರು ಕೂರಿಸಿದರು. ಆಮೇಲೆ ಬಾಗಿಲು ಹಾಕಿದರೆ ಹೊರಗಿನ ಲೋಕದ ಸದ್ದೇ ನಿಂತು ಹೋಗುತ್ತಿತ್ತು.

ನಾನು ಸಾಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಗಾಡಿ ಸಿದ್ಧವಾದ ದಿನ ಅಣ್ಣ ಅತ್ತಿಗೆ ಇಬ್ಬರೂ ನಮ್ಮ ಮನೆಯಲ್ಲಿ ಉಳಿದರು. ಮರುದಿನ ಬೆಳಿಗ್ಗೆ ಮೂವರೂ ಘಾಟಿ ಇಳಿದು ಕರಾವಳಿ ಬದಿಯ ಸಿದ್ದಾಪುರಕ್ಕೆ ಹೊರಟೆವು. ಅಲ್ಲಿ ಅತ್ತಿಗೆಯ ಅಕ್ಕನ ಹೊಸ ಮನೆಯ ಗೃಹಪ್ರವೇಶ.

ಹೊಸನಗರದವರೆಗಿನ ದಾರಿಯಲ್ಲಿ ನಾನು ಗಾಡಿಯನ್ನು ಮನಸಾರೆ ಮೆಚ್ಚಿದೆ. ಏರು ಬಂದದ್ದೇ ತಿಳಿಯುತ್ತಿರಲಿಲ್ಲ. ತಿರುವುಗಳಲ್ಲಿ ಮಡಿಲ ಮೇಲಿನ ಚೀಲ ಕೂಡ ಜಾರಲಿಲ್ಲ. ಅತ್ತಿಗೆ ಮುಂದಿನ ಸೀಟಿನಲ್ಲಿ ಲಿಂಬೆಹಣ್ಣನ್ನು ಕೈಯಲ್ಲೇ ಮರೆತು ನಿದ್ದೆ ಹೋದರು. ಘಾಟಿ ದಾರಿಗೆ ಹೊರಟ ಅತ್ತಿಗೆ ನಿದ್ದೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹುಬ್ಬು ಹಾರಿಸಿದ. ನಾನು ಹಿಂದೆ ಎಡಗಡೆ ಕೂತಿದ್ದೆ, ಹಳೆಯ ಅಭ್ಯಾಸದಂತೆ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿಕೊಂಡು. ಏಸಿ ಹೊರಗೆ ಹೋಗುತ್ತದೆಂದು ಅಣ್ಣ ನಡುನಡುವೆ ಗೊಣಗಿದ. ನಾನು ಮುಚ್ಚಲಿಲ್ಲ.

ನಗರ ಎಂಬ ಊರು ದಾಟಿ ಮಾಸ್ತಿಕಟ್ಟೆ ದಾಟಿದೆವು. ಹುಲಿಕಲ್‌ನಲ್ಲಿ ದೇವಿಯ ಗುಡಿಯೆದುರು ನಿಲ್ಲಿಸಿ, ಅತ್ತಿಗೆಯನ್ನು ಎಬ್ಬಿಸದೆ ನಾವಿಬ್ಬರೇ ಕೈಮುಗಿದು ಇಳಿಜಾರಿಗೆ ಇಳಿದೆವು. ಮಂಜು ಇತ್ತು, ಆದರೆ ದಟ್ಟವಾಗಿರಲಿಲ್ಲ.

ಆ ಘಾಟಿಯಲ್ಲಿ ಓಡಾಡುವವರಿಗೆ ಒಂದು ರೂಢಿಯಿದೆ. ಗುಡ್ಡ ಕಡಿದ ಧರೆ ಮುಂದಿನ ರಸ್ತೆಯನ್ನು ಪೂರ್ತಿ ಮರೆಮಾಡುವ ಕಡಿದಾದ ತಿರುವುಗಳಲ್ಲಿ, ಇಳಿಯುವವರು ಮೇಲೇ ವೇಗ ತಗ್ಗಿಸಿ ಹಾರ್ನ್ ಮಾಡುತ್ತಾರೆ. ಹತ್ತುವವರೂ ತಿರುವಿಗೆ ಮೊದಲೇ ಒತ್ತುತ್ತಾರೆ. ಕೆಳಗಿನಿಂದ ಉತ್ತರದ ಹಾರ್ನ್ ಬಂದರೆ ಅಲ್ಲೇ ನಿಂತು, ಹತ್ತಿ ಬರುವವರಿಗೆ ದಾರಿ ಬಿಡುತ್ತಾರೆ, ಯಾಕೆಂದರೆ ಬಸ್ಸಿನಂಥದ್ದು ತಿರುಗಲು ಇಡೀ ರಸ್ತೆ ಬೇಕು. ಉತ್ತರ ಬಾರದಿದ್ದರೆ ಇಳಿಯುವುದು. ಇದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ. ಹೊರಗಿನಿಂದ ಬಂದವರು ಸುಮ್ಮನೆ ಹಾರ್ನ್ ಒತ್ತುತ್ತಾ ಹೋಗುತ್ತಾರೆ. ನಮ್ಮವರು ಒತ್ತಿ, ಕೇಳಿಸಿಕೊಳ್ಳುತ್ತಾರೆ.

ಅಣ್ಣನೂ ಒತ್ತಿದ. ಕೇಳಿಸಿಕೊಂಡ. ಏನೂ ಕೇಳಲಿಲ್ಲ. ಇಳಿದ.

ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ. ಧರೆಯ ಮೂಲೆಯಿಂದ ಬಸ್ಸಿನ ಮುಖ ಹೊರಬಂತು, ಗಾಜಿನ ಮೇಲಿನ ಹೂವಿನ ಹಾರ ಅಲ್ಲಾಡುತ್ತಿತ್ತು. ಅದು ರಸ್ತೆಯ ತುಂಬ ಇತ್ತು. ಒಂದು ಕಡೆ ಅಡ್ಡಗೋಡೆ, ಅದರಾಚೆ ಮಂಜು. ಅಣ್ಣ ಬ್ರೇಕ್ ಒತ್ತಿ ಗಾಡಿಯನ್ನು ಧರೆಯ ಕಡೆಗೆ ಎಳೆದ. ಮುಂದಿನ ಚಕ್ರ ಚರಂಡಿಗೆ ಬಿತ್ತು, ನನ್ನ ಪಕ್ಕದ ಬಾಗಿಲು ಉದ್ದಕ್ಕೂ ಕಲ್ಲಿಗೆ ಉಜ್ಜಿಕೊಂಡು ಹೋಯಿತು, ಆ ಬದಿಯ ಹೊರಗಿನ ಕನ್ನಡಿ ಮುರಿಯಿತು. ಗಾಡಿ ನಿಂತಾಗ ಬಸ್ಸಿನ ಡ್ರೈವರನ ಮುಖ ಅಣ್ಣನ ಕಿಟಕಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಅತ್ತಿಗೆ ಎಚ್ಚರಾಗಿ, ಬಂತಾ ಎಂದು ಕೇಳಿದರು.

ಯಾರಿಗೂ ಪೆಟ್ಟಾಗಲಿಲ್ಲ.

ಇಳಿದ ಮೇಲೆ ಜಗಳವಾಯಿತು. ಹಾರ್ನ್ ಮಾಡದೆ ಹತ್ತಿದಿರಿ ಎಂದು ಅಣ್ಣ. ಎರಡು ಸಲ ಮಾಡಿದೆ, ನಿಮ್ಮ ಹಾರ್ನ್ ಕೇಳಿದ ಕೂಡಲೇ ಮಾಡಿದೆ ಎಂದು ಡ್ರೈವರ್. ನಡುವಯಸ್ಸಿನ, ಸಿಡುಕಿನ ಮನುಷ್ಯ ಆತ. ಬಸ್ಸಿನ ಬದಿಯ ಹೆಸರು ನೋಡಿ ಅಣ್ಣ, ಇದರ ಯಜಮಾನರು ನನ್ನ ಜೊತೆ ಓದಿದವರು, ಅವರ ಹತ್ತಿರವೇ ಮಾತಾಡುತ್ತೇನೆ ಎಂದ. ಡ್ರೈವರ್ ಬಸ್ ಹತ್ತಿದ. ಕಂಡಕ್ಟರ್ ಮಾತ್ರ ಹಿಂದೆ ಉಳಿದು, ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕಾ, ಯಜಮಾನ್ರಿಗೆ ಹೇಳಿದ್ರೆ ಇವ್ರನ್ನ ಘಾಟಿ ಬಸ್ಸಿಂದ ತೆಗೆದು ಶಿವಮೊಗ್ಗ ರೂಟಿಗೆ ಹಾಕ್ತಾರೆ. ಇವ್ರ ಮನೆ ಘಾಟಿ ಕೆಳಗೆ ಹೊಸಂಗಡೀಲಿ. ಬಸ್ ಅಲ್ಲೇ ಹಾಲ್ಟ್ ಆಗೋದು. ಹೆಂಡ್ತಿ ಹಾಸಿಗೆ ಹಿಡ್ದು ವರ್ಷ ಆತು. ರಾತ್ರಿ ಮನೇಲಿ ಇರ್ಬೇಕು ಅಂತ್ಲೇ ಈ ರೂಟು ಬಿಟ್ಟಿಲ್ಲ ಅವ್ರು."

ಬಸ್ಸಿನವರೇ ಇಳಿದು ಬಂದು ನಮ್ಮ ಚಕ್ರವನ್ನು ಚರಂಡಿಯಿಂದ ಎತ್ತಿಕೊಟ್ಟರು. ಗೃಹಪ್ರವೇಶದಲ್ಲಿ ಊಟ ಮಾಡಿದೆವು. ಹೋಳಿಗೆ ಇತ್ತೆಂದು ನೆನಪು. ಅಣ್ಣ ಅಲ್ಲಿಂದಲೇ ಬಸ್ಸಿನ ಯಜಮಾನರಿಗೆ ಫೋನ್ ಮಾಡಿದ. ಅವರು ಊರಲ್ಲಿರಲಿಲ್ಲ. ಭಾನುವಾರ ಮಧ್ಯಾಹ್ನ ತೀರ್ಥಹಳ್ಳಿಯ ಮನೆಗೆ ಬಂದು ಎದುರಿಗೆ ಹೇಳು, ಅವನದು ತಪ್ಪಿದ್ದರೆ ಆ ರೂಟಿನಲ್ಲಿ ಇಡುವುದಿಲ್ಲ ಎಂದರಂತೆ.

ನಾನು ಸಾಗರಕ್ಕೆ ಮರಳಿದೆ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುವಾಗ, ಬೇಳೆ ತೊಳೆಯುವಾಗ, ಹಾರ ತೂಗುವ ಆ ಬಸ್ಸಿನ ಮುಖ ಮೂಲೆಯಿಂದ ಹೊರಬರುತ್ತಿತ್ತು. ಬೀದಿಯಲ್ಲಿ ಯಾವುದಾದರೂ ಹಾರ್ನ್ ಕೇಳಿದರೆ ಬೆನ್ನು ಸೆಟೆಯುತ್ತಿತ್ತು. ಮತ್ತೆ ಮತ್ತೆ ಓಡಿಸಿ ನೋಡುವಾಗ ಒಂದು ಸದ್ದು ಬಂದು ಸೇರಿಕೊಳ್ಳುತ್ತಿತ್ತು. ನಮ್ಮ ಹಾರ್ನಿನ ನಂತರ, ಗಾಜಿನ ಸಂದಿನಿಂದ, ಕೆಳಗೆಲ್ಲೋ ದೂರದ ಬಸ್ಸಿನ ಹಾರ್ನ್. ಅದು ಬಸ್ಸು ಕಾಣುವುದಕ್ಕಿಂತ ಮೊದಲು ಕೇಳಿದ್ದೇ? ಅಥವಾ ಬ್ರೇಕ್ ಹಾಕುವಾಗ ಡ್ರೈವರ್ ಒತ್ತಿದ್ದನ್ನು ನನ್ನ ತಲೆ ಹಿಂದಕ್ಕೆ ಒಯ್ದು ಇಟ್ಟಿದೆಯೇ? ಒಂದೊಂದು ಸಲ ಮೊದಲು ಬರುತ್ತಿತ್ತು, ಒಂದೊಂದು ಸಲ ಆಮೇಲೆ. ಕಣ್ಣಾರೆ ಕಂಡವಳು ನಾನು, ಆದರೂ ಸಾಕ್ಷಿ ಹೇಳು ಎಂದರೆ ಹೇಳಲಾರೆ. ಆತನ ಹಾಸಿಗೆ ಹಿಡಿದ ಹೆಂಡತಿಯನ್ನು ನಾನು ನೋಡಿರಲಿಲ್ಲ. ಆದರೂ ಆ ಮನೆಯಲ್ಲಿ ರಾತ್ರಿ ಬಾಗಿಲು ತೆರೆದು ಒಳಗೆ ಬರುವ ಮನುಷ್ಯನಿಲ್ಲದಿರುವುದು ಕಣ್ಣಿಗೆ ಕಟ್ಟುತ್ತಿತ್ತು.

ಶನಿವಾರ ಕಾಲೇಜು ಮುಗಿಸಿ ನೇರ ತೀರ್ಥಹಳ್ಳಿಯ ಬಸ್ ಹತ್ತಿದೆ. ರಾತ್ರಿ ಊಟದ ಹೊತ್ತಿಗೆ ಅಣ್ಣನಿಗೆ ಹೇಳಿದೆ, ಹಾರ್ನ್ ಕೇಳಿದ ಹಾಗೆ ನೆನಪು ಎಂದು.

"ಕೇಳಿದ ಹಾಗೆ ಅಂದ್ರೆ ಎಂಥದು?" ಎಂದ ಅಣ್ಣ. "ಕೇಳ್ತೋ, ಇಲ್ವೋ?"

ಗೊತ್ತಿಲ್ಲ ಎಂದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ಹೆದರಿದವರಿಗೆ ಎಲ್ಲ ಕೇಳುತ್ತದೆ, ತಾನು ಮುಂದೆಯೇ ಕೂತಿದ್ದೆ, ಹಾಡು ಕೂಡ ಹಾಕಿರಲಿಲ್ಲ, ಆ ಮನುಷ್ಯ ಹಾಗೇ ಹತ್ತುತ್ತಾ ಹೋದರೆ ನಾಳೆ ಇನ್ಯಾರದೋ ಮನೆ ಹಾಳಾಗುತ್ತದೆ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜಕ್ಕೂ ಏನೂ ಕೇಳಿರಲಿಲ್ಲ.

ಅತ್ತಿಗೆ ಮಜ್ಜಿಗೆ ಬಡಿಸುತ್ತ ಹೇಳಿದರು: "ನೀವಿಬ್ರೂ ಇಲ್ಲಿ ಕೂತ್ಕಂಡು ವಾದ ಮಾಡೋದಕ್ಕಿಂತ ಬೆಳಿಗ್ಗೆ ಆ ತಿರುವಿಗೇ ಹೋಗನ. ನೀವು ಗಾಡಿ ಒಳಗೆ ಕೂತ್ಕಳಿ, ನಾ ಹೊರಗೆ ನಿಂತ್ಕತೀನಿ. ಕೆಳಗಿಂದ ಹಾರ್ನ್ ಕೇಳಿದ್ರೆ ನಾ ಕೈ ಎತ್ತುದು. ನೀವೂ ಎತ್ತಿ. ನಾನಂತೂ ಅವತ್ತು ನಿದ್ದೆಲಿದ್ದೆ, ನಂಗೆ ಯಾರ ಪಕ್ಷನೂ ಇಲ್ಲ."

ಅಣ್ಣ ನಕ್ಕ. ಆದರೆ ಹೊರಟ. ಪರೀಕ್ಷೆ ಎಂದರೆ ಅವನು ಬಿಡುವವನಲ್ಲ, ಅದರಲ್ಲೂ ಗೆಲ್ಲುತ್ತೇನೆಂಬ ನಂಬಿಕೆ ಇದ್ದಾಗ.

ಭಾನುವಾರ ಬೆಳಿಗ್ಗೆ ಅದೇ ತಿರುವಿನ ಮೇಲೆ, ಅಗಲವಿದ್ದ ಕಡೆ, ಗಾಡಿಯನ್ನು ಬದಿಗೆ ಹಾಕಿದೆವು. ಚರಂಡಿಯ ಅಂಚಿನಲ್ಲಿ ನಮ್ಮ ಚಕ್ರ ಕೆತ್ತಿದ ಗುರುತು ಇನ್ನೂ ಇತ್ತು. ನಾನು ಅದರತ್ತ ನೋಡಲಿಲ್ಲ. ಅಣ್ಣ ಎಂಜಿನ್ ಚಾಲೂ ಇಟ್ಟು, ಅವತ್ತಿನಂತೆಯೇ ಏಸಿ ಹಾಕಿ, ತನ್ನ ಗಾಜು ಏರಿಸಿ ಕೂತ. ನಾನು ಹಿಂದೆ ನನ್ನ ಜಾಗದಲ್ಲಿ, ಎರಡು ಬೆರಳಿನ ಸಂದು ಬಿಟ್ಟುಕೊಂಡು. ಅತ್ತಿಗೆ ನಮ್ಮೆದುರು ಸ್ವಲ್ಪ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಧರೆಗೆ ಒರಗಿ ನಿಂತರು.

ತುಸು ಹೊತ್ತಿಗೆ ಅವರ ಕೈ ಮೇಲೆದ್ದಿತು.

ಒಳಗೆ ತಣ್ಣನೆಯ ಗಾಳಿಯ ಸದ್ದು ಮಾತ್ರ ಇತ್ತು. ಗಾಜಿನ ಸಂದಿನಿಂದ ನನಗೆ ಸಣ್ಣಗೆ ಏನೋ ಕೇಳಿಸಿತು. ಅವತ್ತಿನ ಸದ್ದಿನದೇ ಅಳತೆ. ನಾನೂ ಕೈ ಎತ್ತಿದೆ. ಅಣ್ಣ ಸ್ಟೀರಿಂಗ್ ಮೇಲೆ ಕೈಯಿಟ್ಟು ಅತ್ತಿಗೆಯನ್ನೇ ನೋಡುತ್ತಿದ್ದ. ಆಮೇಲೆ ಕನ್ನಡಿಯಲ್ಲಿ ನನ್ನ ಕೈ ಕಂಡ. ಒಂದು ಪಿಕಪ್ ಗಾಡಿ ತಿರುವಿನಿಂದ ಮೇಲೆ ಬಂದು, ನಮ್ಮನ್ನು ದಾಟಿ ಹೋಯಿತು.

"ಇನ್ನೊಂದ್ಸಲ ನೋಡನ," ಎಂದ.

ಇನ್ನೊಮ್ಮೆಯೂ ಹಾಗೆಯೇ. ಈ ಸಲ ಲಾರಿ. ಅತ್ತಿಗೆ ಕೈ ಎತ್ತಿದ್ದಲ್ಲದೆ, ಕಿವಿಯನ್ನೂ ಮುಚ್ಚಿಕೊಂಡು ಅಭಿನಯಿಸಿದರು, ಅಷ್ಟು ಜೋರಿತ್ತಂತೆ. ಅಣ್ಣನಿಗೆ ಲಾರಿ ಕಣ್ಣಿಗೆ ಬಿದ್ದ ಮೇಲೆಯೇ ಸದ್ದು ಕೇಳಿದ್ದು. ನಿಂತ ಗಾಡಿಯಲ್ಲೇ ಹೀಗೆ. ಓಡುವಾಗ ಆ ಟೈರುಗಳ ಅಳಿದುಳಿದ ಗುಂಯ್ ಬೇರೆ. ಅಣ್ಣ ನನಗೋ ತನಗೋ ಹೇಳಿಕೊಳ್ಳುವಂತೆ ನಿಧಾನವಾಗಿ ಹೇಳಿದ: ಮೊದಲಾದರೆ ಹಾರ್ನ್ ಮಾಡಿ, ವಾಲಾಟಕ್ಕೆ ಹೆದರಿ, ಉತ್ತರ ಬರುವಷ್ಟು ಹೊತ್ತು ಮೇಲೆಯೇ ತೆವಳುತ್ತಿದ್ದೆ. ಈಗ ಗಾಡಿ ವಾಲುವುದೇ ಇಲ್ಲವಲ್ಲ, ಒತ್ತಿದ ಕೈ ತೆಗೆಯುವಷ್ಟರಲ್ಲಿ ತಿರುವಿನೊಳಗೆ ಇರುತ್ತೇನೆ.

ಅತ್ತಿಗೆಯ ಕೈ ಮತ್ತೆ ಮೇಲೆದ್ದಿತ್ತು, ಈ ಸಲ ಅವರು ಅದನ್ನು ಇಳಿಸಲಿಲ್ಲ. ಮೂಲೆಯಿಂದ ಅದೇ ಹೂವಿನ ಹಾರ ಹೊರಬಂತು.

ಅಣ್ಣ ಬಾಗಿಲು ತೆರೆದು ಇಳಿದ. ರಸ್ತೆಯ ಬದಿಗೆ ನಿಂತು ಕೈ ಅಡ್ಡ ಹಿಡಿದ. ಬಸ್ಸು ಏರಿನಲ್ಲೇ ಉಸ್ಸೆಂದು ನಿಂತಿತು. ಡ್ರೈವರ್ ನಮ್ಮ ಗಾಡಿಯ ಮುರಿದ ಹೊರಗಿನ ಕನ್ನಡಿಯನ್ನು ನೋಡಿ, ಅಣ್ಣನನ್ನು ನೋಡಿ, ಮುಖ ಬಿಗಿದುಕೊಂಡ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕೆಳಗಿಳಿಯಲೋ ಬೇಡವೋ ಎಂದು ಒಂದು ಕಾಲು ಇಳಿಬಿಟ್ಟ.

ಅಣ್ಣ ಡ್ರೈವರನ ಕಿಟಕಿಯ ಕೆಳಗೆ ಹೋಗಿ ನಿಂತ. "ಅವತ್ತು ನೀವು ಹಾರ್ನ್ ಮಾಡಿದ್ರಿ," ಎಂದ. "ನಂಗೇ ಕೇಳಿಲ್ಲ. ಈ ಗಾಡಿ ಒಳಗೆ ಕೂತ್ರೆ ಕೇಳೋದಿಲ್ಲ, ಈಗ ನೋಡ್ದೆ. ಮಧ್ಯಾಹ್ನ ನಿಮ್ಮ ಯಜಮಾನ್ರ ಮನೆಗೆ ಹೋಗಿ ತಪ್ಪು ನಂದೇ ಅಂತ ಹೇಳ್ತೀನಿ."

ಬಸ್ಸಿನೊಳಗಿನ ಜನ ಏನೆಂದು ತಿಳಿಯದೆ ಕಿಟಕಿಗಳಿಂದ ಇಣುಕುತ್ತಿದ್ದರು.

"ಆತು," ಎಂದ ಡ್ರೈವರ್. "ಹೇಳಿ. ಮೊದ್ಲು ರಸ್ತೆಯಿಂದ ಬದಿಗೆ ಹೋಗಿ ಸಾರ್, ಏರಲ್ಲಿ ನಿಲ್ಸಿದೀನಿ, ಟೈಮೂ ಆತು."

ಅಣ್ಣ ಬದಿಗೆ ಸರಿದ. ಬಸ್ಸು ಹೊಗೆಬಿಟ್ಟು ಮೇಲೆ ಹೋಯಿತು, ಕಂಡಕ್ಟರ್ ಬಾಗಿಲಲ್ಲಿ ನಿಂತು ಹಿಂದಕ್ಕೆ ನೋಡುತ್ತಲೇ ಇದ್ದ. ಅತ್ತಿಗೆ ಗಾಡಿಯ ಹತ್ತಿರ ಬಂದು ಗಾಜುಗಳನ್ನೆಲ್ಲ ಒಂದೊಂದಾಗಿ ಇಳಿಸಿದರು. ಅಣ್ಣ ಬೇಡ ಎನ್ನಲಿಲ್ಲ. ತೀರ್ಥಹಳ್ಳಿಗೆ ಊಟದ ಹೊತ್ತಿಗೆ ತಲುಪಿದೆವು. ಅವನು ಅಂಗಿ ಬದಲಿಸಿ, ಊಟವನ್ನೂ ಮಾಡದೆ, ಬಸ್ಸಿನ ಯಜಮಾನರ ಮನೆಗೆ ನಡೆದೇ ಹೋದ.