ಯಾರಿಗೆ ಬೇಕೋ ಅವರ ವಿಷಯ

"ಕುರಿ ಹಿಕ್ಕೆ ಆರಿಸಿ ಯಾರೂ ಡಾಕ್ಟ್ರಾಗಿಲ್ಲ ಕಣೋ" ಅಂದಿದ್ದವನು ಯಗಟಿಯಲ್ಲಿ ಕುರಿ ಸಾಕುತ್ತಿದ್ದ ನನ್ನ ದೊಡ್ಡಪ್ಪ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಆಮೇಲೆ ಪ್ರಾಣಿಶಾಸ್ತ್ರದಲ್ಲಿ ಕುರಿ ಹೊಟ್ಟೆಯ ಹುಳುಗಳ ಮೇಲೆ ಪಿಎಚ್‌ಡಿಗೆ ಸೇರಿದ್ದೆ.

ನನ್ನ ಗೈಡು ಕಡೂರಿನ ಬಸ್ಸಿಳಿದವರೇ ಪ್ಯಾಂಟು ಮಡಿಚಿ ದೊಡ್ಡಪ್ಪನ ಕುರಿ ರೊಪ್ಪದೊಳಗೆ ಕೂತುಬಿಡೋರು. ಹಿಕ್ಕೆಯನ್ನು ಬೆರಳಲ್ಲಿ ಒಡೆದು ನೋಡಿ, ತಮ್ಮ ಊಟದ ಡಬ್ಬಿಗೇ ತುಂಬಿಕೊಳ್ಳೋರು. ಇದು ಯಾವ ವಿಷಯ ಸಾರ್ ಅಂತ ಯಾರು ಕೇಳಿದರೂ ಒಂದೇ ಮಾತು: "ಯಾರಿಗೆ ಬೇಕೋ ಅವರ ವಿಷಯ ಕಣಪ್ಪ."

ಕೊನೆಯ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ನನ್ನ ಪ್ರಬಂಧವನ್ನು ಪಕ್ಕಕ್ಕೆ ತಳ್ಳಿದರು. "ಬರೀ ಹಿಕ್ಕೆ, ಮಣ್ಣು, ಕಾಯಿಲೆ. ಇದು ಪ್ರಾಣಿಶಾಸ್ತ್ರವೇ ಅಲ್ಲವಲ್ರೀ." ಗೈಡು ಮೂರು ವಿಜ್ಞಾನ ಪತ್ರಿಕೆಗಳನ್ನು ಬಿಡಿಸಿಟ್ಟರು. ಮಣ್ಣಿನ ವಿಜ್ಞಾನಿ, ಮಕ್ಕಳ ಡಾಕ್ಟ್ರು, ದನದ ಡಾಕ್ಟ್ರು, ಮೂವರೂ ತಂತಮ್ಮ ಲೇಖನಕ್ಕೆ ಗೈಡೂ ನಾನೂ ಆ ಹುಳುಗಳ ಬಗ್ಗೆ ಬರೆದದ್ದನ್ನೇ ಆಧಾರ ಮಾಡಿಕೊಂಡಿದ್ದರು. ಪರೀಕ್ಷಕರು ಓದಿದರು, ಸಹಿ ಹಾಕಿದರು.

ಸರ್ಟಿಫಿಕೇಟು ಬಂದ ಮೇಲೆ ದೊಡ್ಡಪ್ಪನ ಕೈಗೆ ಕೊಟ್ಟು ಇದನ್ನೆಲ್ಲ ಹೇಳಿದೆ. ಟವಲಿಗೆ ಕೈ ಒರೆಸಿಕೊಂಡು ಹಿಡಿದ.

"ರಾತ್ರಿ ನಮ್ಮ ಮಂದೆ ಯಾರ ಹೊಲ್ದಾಗೆ ತಂಗಿದ್ರೂ ಹಿಕ್ಕೆ ಗೊಬ್ಬರಕ್ಕೆ ಅಲ್ಲಿ ಬೆಳೆ ಚೆನ್ನಾಗಿ ಬರ್ತದೆ. ಕುರಿ ಮಾತ್ರ ನಮ್ಮವೇ ಕಣೋ."