ಹನ್ನೊಂದು ಸೆಕೆಂಡು

ಕುಂಬ್ರ ಪೇಟೆಯಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ದುಗ್ಗಪ್ಪ, ಮೂವತ್ತರ ಪ್ರಾಯದಲ್ಲಿ ಒಂದು ಯಂತ್ರ ಕಟ್ಟಿದ್ದ. ಮೋಟಾರು ಡೈನಮೋವನ್ನು ತಿರುಗಿಸಬೇಕು, ಡೈನಮೋ ಕೊಟ್ಟ ಕರೆಂಟಿನಲ್ಲಿ ಅದೇ ಮೋಟಾರು ತಿರುಗುತ್ತಿರಬೇಕು. ಊರವರನ್ನು ಕರೆದು ನಿಲ್ಲಿಸಿ, ಲೈನಿನಿಂದ ಬರುವ ಕರೆಂಟನ್ನು ಬಂದ್ ಮಾಡಿದ. ಯಂತ್ರ ಹನ್ನೊಂದು ಸೆಕೆಂಡು ತಿರುಗಿ ನಿಂತಿತು. ಪೇಟೆಯವರಿಗೆ ನಗಲು ಅಷ್ಟೇ ಸಾಕಾಯಿತು. ಅರುವತ್ತೆಂಟಾದರೂ ಅವನು ‘ಡೈನಮೋ ದುಗ್ಗಪ್ಪ’ನೇ, ಆ ಹನ್ನೊಂದು ಸೆಕೆಂಡಿನ ಸದ್ದು ಅವನ ಕಿವಿ ಬಿಟ್ಟು ಹೋಗಿಲ್ಲ.

ಹೈಡ್ರೋಜನ್ನಿಗೆ ಲೇಸರ್ ಬೆಳಕು ಹಾಯಿಸಿ, ಎರಡು ಪಾಲು ಶಕ್ತಿ ಕೊಟ್ಟು ಮೂರು ಪಾಲು ಪಡೆದ ಅಮೆರಿಕದ ವಿಜ್ಞಾನಿಗಳ ಸುದ್ದಿ ಬಂದ ದಿನ, ಅವನು ಪೇಪರು ಮಡಚಿಕೊಂಡು ವಿಜ್ಞಾನದ ಟೀಚರ್ ಸುಪ್ರಿತಾಳ ಮನೆಗೆ ನಡೆದ.

“ಹಾಗಾದ್ರೆ ಆಗ್ತದಲ್ಲ ಟೀಚರೇ?”

“ಸುಮ್ಮನೆ ಎಂತದೂ ಹುಟ್ಟುದಿಲ್ಲ ದುಗ್ಗಪ್ಪಣ್ಣ. ಹೈಡ್ರೋಜನ್ ಒಂದಕ್ಕೊಂದು ಕೂಡುವಾಗ ತೂಕ ಒಂಚೂರು ಕಡಿಮೆ ಆಗ್ತದೆ, ಅದೇ ಶಕ್ತಿಯಾಗಿ ಬಂದದ್ದು. ಮತ್ತೆ, ಆ ಎರಡು ಪಾಲಿನ ಲೇಸರ್ ಬೆಳಕು ಮಾಡ್ಲಿಕ್ಕೇ ಮುನ್ನೂರು ಪಾಲು ಕರೆಂಟು ಬೇಕಾಯ್ತಂತೆ.”

ದುಗ್ಗಪ್ಪ ಪೇಪರು ಬಿಡಿಸಿ ಆ ಸುದ್ದಿಯ ಮೇಲೆ ಬೆರಳಿಟ್ಟ.

“ಮುನ್ನೂರು ಕೊಟ್ಟು ಮೂರು ಸಿಕ್ಕಿದ್ದಕ್ಕೆ ಅಲ್ಲಿ ಯಾರೂ ನಗಾಡ್ಲಿಲ್ವಾ?”

“ಇಲ್ಲ. ಚಪ್ಪಾಳೆ ತಟ್ಟಿದ್ರಂತೆ.”

“ಎಷ್ಟು ಸೆಕೆಂಡು ತಟ್ಟಿದ್ರಂತೆ?” ಎಂದು ಕೇಳಿದ ದುಗ್ಗಪ್ಪ.